ನೆಲಕ್ಕೆ ಕಾಲಿಡದವರು

೩ ಫೆಬ್ರುವರಿ ೨೦೨೫, ಸೋಮವಾರ, ಭಾಲ್ಕಿ

ಇವತ್ತು ಬಜಾರದಿಂದ ಮನೆಗೆ ಬಂದಾಗ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ನನಗೆ ಗೊತ್ತೇ ಆಗಿಲ್ಲ. ಹೆಂಡತಿ ಕೇಶರಬಾಯಿ ಬಾಗಿಲಲ್ಲಿ ನಿಂತು, "ಏನ್ರಿ, ಒಂದು ಚಪ್ಪಲಿ ದಾನ ಮಾಡಿ ಬಂದೀರೇನು?" ಎಂದಳು. ತಿರುಗಿ ಹೋಗಿ ನೋಡಿದರೆ ಬಾಳೆಹಣ್ಣಿನ ಗಾಡಿಯ ಹತ್ತಿರ ಬಿದ್ದಿದೆ. ಅಲ್ಲಿಂದ ಮನೆಯವರೆಗೆ ರಸ್ತೆ ಅಗೆದು ಜಲ್ಲಿ ಸುರಿದಿದ್ದಾರೆ. ಅದರ ಮೇಲೆ ಬರಿಗಾಲಲ್ಲಿ ಬಂದರೂ ನನಗೊಂದು ಕಲ್ಲೂ ಚುಚ್ಚಿಲ್ಲ. ಈಗಿನ ಚಪ್ಪಲಿಗಳ ಹಣೆಬರಹವೇ ಇಷ್ಟು, ವಾರಕ್ಕೇ ಪಟ್ಟಿ ಸಡಿಲಾಗುತ್ತದೆ. ಬೇರೆ ತರಬೇಕು.

ಮಧ್ಯಾಹ್ನ ಔರಾದದಿಂದ ಕುಣಾಲ ಫೋನು ಮಾಡಿದ್ದ. ಕೇಶರಬಾಯಿಯ ಅಣ್ಣನ ಮಗ. ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಈ ಸಲ ಅಲ್ಲಿನ ಅಂಬೇಡ್ಕರ್ ಜಯಂತಿ ಕಮಿಟಿಯಲ್ಲಿ ಅವನ ಮಾತೇ ನಡೆಯುವುದಂತೆ.

"ಮಾಮಾ, ಹದಿನಾಲ್ಕು ಏಪ್ರಿಲಿಗಿ ಮೈದಾನದಾಗ ನಿಮ್ಮ ನಾನ್‌ಸ್ಟಾಪ್ ಸೈಕಲ್ ಇಡಬೇಕಂತ ಮಾಡೀವ್ರಿ. ಬರೇ ಒಂದು ದಿನ. ಹೊತ್ತು ಹೊಂಟಾಗಿಂದ ಹೊತ್ತು ಮುಣಗೋ ತನಕ. ಈಗಿನ ಮಂದಿ ನೋಡೇ ಇಲ್ಲರಿ. ಆಗ್ತದೇನ್ರಿ ನಿಮ್ಮಿಂದ?"

ಆಗ್ತದೇನ್ರಿ ಅಂತೆ! ಏಳು ಹಗಲು ಏಳು ರಾತ್ರಿ ನೆಲಕ್ಕೆ ಕಾಲಿಡದೆ ಸುತ್ತಿದವನನ್ನು ಕೇಳುವ ಮಾತೇ ಇದು? ಸಂತಪುರ, ಕಮಲನಗರ, ಖಟಕ ಚಿಂಚೋಳಿ, ಯಾವ ಊರು ಬಿಟ್ಟಿದ್ದೆವು ನಾವು? ಮೈದಾನದ ನಡುವೆ ಕಂಬ ನೆಟ್ಟು ಅದರ ಸುತ್ತ ಸೈಕಲ್. ಊಟ, ಸ್ನಾನ, ದಾಡಿ ಎಲ್ಲ ಸೀಟಿನ ಮೇಲೆಯೇ. ಒಂದೂರಿನಲ್ಲಿ ನಾನು ಸುತ್ತಿದರೆ ಬೀದರಿನ ಮುರ್ತುಜಾ ಮೈಕು ಹಿಡಿಯುವನು. ಮುಂದಿನ ಊರಿನಲ್ಲಿ ಅವನ ಸವಾರಿ, ನನ್ನ ಮೈಕು. ಕಡೆಗೆ ಮನೆಮನೆಗೆ ಟಿ.ವಿ. ಬಂದು ನಮ್ಮ ಆಟ ಮುಗಿಯಿತು. ನಾನು ಗ್ರಂಥಾಲಯದಲ್ಲಿ ಅಟೆಂಡರ್ ಆದೆ, ಅವನು ಸೈಕಲ್ ರಿಪೇರಿ ಅಂಗಡಿ ಹಾಕಿದ.

ಕುಣಾಲನ ಮಾತು ಮುಗಿಯುವ ಮೊದಲೇ "ಆಗ್ತದ" ಎಂದುಬಿಟ್ಟೆ.

"ಮಂದಿಗಿ ಅರವತ್ತಕ್ಕ ಅರಳು ಮರಳು, ನಿಮಗ ಅರವತ್ತೆಂಟಕ್ಕ ಬಂದದ ನೋಡ್ರಿ" ಎಂದಳು ಕೇಶರಬಾಯಿ. ಅನ್ನಲಿ. ಬಹಳ ದಿನಕ್ಕೆ ಹೊಟ್ಟೆ ತುಂಬ ಉಂಡೆ.

೯ ಫೆಬ್ರುವರಿ, ಭಾನುವಾರ

ಬಸ್ಸಿನಲ್ಲಿ ಬೀದರಿಗೆ ಹೋಗಿದ್ದೆ. ಮುರ್ತುಜಾನ ಅಂಗಡಿ ಚೌಬಾರಾ ಗೋಪುರದಿಂದ ಎರಡು ಓಣಿ ಆಚೆ ಇದೆ. ಗೋಡೆಯ ಮೊಳೆಗೆ ತೂಗಿದ್ದ ನಮ್ಮ ಹಳೆಯ ಸೈಕಲ್ಲನ್ನು ಕೆಳಗಿಳಿಸಿ ಎಣ್ಣೆ ಬಿಡುತ್ತ ಕುಳಿತಿದ್ದ. ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಗಿದೆ, ಎದೆಗೆ ಸ್ಪ್ರಿಂಗ್ ಬಿದ್ದಿದೆ. "ನಿನ್ನ ಅಂಗಡ್ಯಾಗ ಸೀಟಿನ ಸ್ಪ್ರಿಂಗ್ ರಾಶಿ ಬಿದ್ದಾವ, ಅದನ್ನೇ ಹಾಕಿಸಿಕೊಂಡಿದ್ರ ಆಗ್ತಿರಲಿಲ್ಲೇನು?" ಎಂದೆ. ನಗುತ್ತ ನಗುತ್ತ ಕೆಮ್ಮಿದ. ಕೆಮ್ಮಿ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತ.

ಸವಾರಿ ಯಾರು ಮಾಡುವುದು ಎಂದು ಮಾತು ಬಂತು. ಇದರಲ್ಲಿ ಮಾತೇನಿದೆ? ಅವನ ಎದೆ ನೆಚ್ಚುವ ಹಾಗಿಲ್ಲ. ಸವಾರಿ ನನ್ನದು, ಮೈಕು ಅವನದು. ಉಸ್ತಾದರ ಕಾಯಿದೆ ಹಳೆಯದೇ. ನಮಗೆ ಆಟ ಕಲಿಸಿದ ಔರಾದದ ಫಕ್ರೋದ್ದೀನ ಉಸ್ತಾದರು ಸತ್ತು ಎಷ್ಟೋ ವರ್ಷವಾಯಿತು, ಕಾಯಿದೆ ಸತ್ತಿಲ್ಲ. ಸವಾರ ತಾನಾಗಿ ಇಳಿಯುವ ಹಾಗಿಲ್ಲ. ಜೊತೆಗಾರ ಮೈಕಿನಲ್ಲಿ "ಇಳಿ" ಎನ್ನಬೇಕು, ಆಗಲೇ ನೆಲಕ್ಕೆ ಕಾಲು. ಜೊತೆಗಾರ ಹೇಳದೆ ಇಳಿದರೆ ಸವಾರ ಸೋತ. ಹೊತ್ತಿಗೆ ಮುಂಚೆ ಜೊತೆಗಾರ ಹೇಳಿದರೆ ಇಬ್ಬರೂ ಸೋತರು. ಹಾಗೆ ಸೋತವರನ್ನು ಮತ್ತೆ ಯಾವ ಊರೂ ಕರೆಯುತ್ತಿರಲಿಲ್ಲ. ನಾವಿಬ್ಬರೂ ಒಮ್ಮೆಯೂ ಸೋತವರಲ್ಲ.

ಅವನ ಹೆಂಡತಿ ಮುನವ್ವರ ಬೇಗಂ ಸಕ್ಕರೆ ಇಲ್ಲದ ಚಹಾ ಕೊಟ್ಟಳು. ನನ್ನ ಸಕ್ಕರೆ ಕಾಯಿಲೆಯನ್ನು ಕೇಶರಬಾಯಿ ಊರಿಗೆಲ್ಲ ಸಾರಿದ್ದಾಳೆ.

೨೧ ಫೆಬ್ರುವರಿ, ಶುಕ್ರವಾರ

ಬೆಳಿಗ್ಗೆ ಸಾಲಿಯ ಮೈದಾನದಲ್ಲಿ ತಾಲೀಮು. ತೊಡೆಯಲ್ಲಿ ಬಲ ಇದೆ, ಸೊಂಟ ಮಾತು ಕೇಳುತ್ತದೆ. ಬಲಗಾಲು ಮಾತ್ರ ಪೆಡಲಿನಿಂದ ಮತ್ತೆ ಮತ್ತೆ ಜಾರುತ್ತಿದೆ. ಜಾರಿದ್ದು ಗೊತ್ತಾಗುವುದು ಸೈಕಲ್ ವಾಲಿದ ಮೇಲೆ. ಎರಡು ಸಲ ಬಿದ್ದೆ, ಮೊಣಕೈ ತರಚಿದೆ. ಪೆಡಲಿನ ರಬ್ಬರು ಸವೆದಿದೆ ಎಂದು ಹೊಸದು ಹಾಕಿಸಿದೆ. ಅದೂ ಜಾರುತ್ತದೆ.

ಕುಳಿತು ಯೋಚಿಸಿದಾಗ ನಗು ಬಂತು. ಆಗೆಲ್ಲ ಮೂರನೆಯ ದಿನಕ್ಕೆ ಪಾದ ಜೋಮು ಹಿಡಿದು, ಆಮೇಲೆ ಇದೆಯೋ ಇಲ್ಲವೋ ಎನ್ನುವಂತಾಗುತ್ತಿತ್ತು. ನಾವು ಅದಕ್ಕೇ ಕಾಯುತ್ತಿದ್ದೆವು. ನೋವು ಇರುವ ತನಕ ಸವಾರಿ ಕಷ್ಟ. "ಕಾಲು ಸಾಯ್ಬೇಕು, ಆವಾಗ ಸವಾರಿ ಬದುಕ್ತದ" ಎನ್ನುತ್ತಿದ್ದರು ಉಸ್ತಾದರು. ನನ್ನ ಕಾಲು ಈ ಸಲ ಮೊದಲೇ ತಯಾರಾಗಿ ಕುಳಿತಿದೆ. ಹಳೆಯ ಸವಾರನ ಮೈ ತನ್ನ ಕೆಲಸ ಮರೆತಿಲ್ಲ.

೨ ಮಾರ್ಚ್, ಭಾನುವಾರ

ಮಗಳು ಮಹಾಮಾಯಾ ಬೀದರಿನಿಂದ ಬಂದಿದ್ದಳು. ಅಲ್ಲಿ ಸಾಲಿಯ ಮಾಸ್ತರಬಾಯಿ ಆದವಳು, ಮನೆಯಲ್ಲೂ ನಾನೇ ವಿದ್ಯಾರ್ಥಿ. ನಾನು ಪೇಪರ್ ಓದುತ್ತ ಕುಳಿತಿದ್ದೆ. ಎದ್ದು ನೋಡಿದರೆ ನನ್ನ ಅಂಗಾಲಿನ ತುಂಬ ನೀಲಿ ಗೀಟುಗಳು. ಕೆಳಗೆ ಕುಳಿತು ಪೆನ್ನಿನಿಂದ ಗೀಚಿದ್ದಾಳೆ, ನನಗೆ ತಿಳಿದಿಲ್ಲ. ಮಗಳು ಚೇಷ್ಟೆ ಮಾಡಿದಳು ಎಂದು ನಾನು ನಕ್ಕರೆ ಅವಳು ಅಳುತ್ತಿದ್ದಳು.

"ಅಪ್ಪಾ, ಸಕ್ಕರಿ ಇದ್ದವ್ರಿಗಿ ಹಿಂಗ ಆಗ್ತದ. ಗುಳಗಿ ತಗೋಳ್ತೀರೋ ಇಲ್ಲೋ? ಖರೆ ಹೇಳ್ರಿ."

"ತಗೋಳ್ತೇನಿ."

"ಸುಳ್ಳು" ಎಂದಳು ಕೇಶರಬಾಯಿ ಅಡುಗೆಮನೆಯಿಂದ. "ಡಬ್ಬಿ ಹಂಗೇ ಅದ. ಹಾಗಲಕಾಯಿ ರಸ ಕುಡಿತಾರ, ಮ್ಯಾಲ ಜಿಲೇಬಿ ತಿಂತಾರ."

ಹಾಗಲಕಾಯಿ ಕುಡಿದವನು ಜಿಲೇಬಿ ತಿಂದರೆ ಲೆಕ್ಕ ಸರಿಯಾಯಿತಲ್ಲ! ಗುಳಿಗೆ ನುಂಗಿದರೆ ಕೈಕಾಲು ನಡುಗುತ್ತದೆ, ಸವಾರಿ ಹೇಗೆ ಮಾಡುವುದು? ಆಸ್ಪತ್ರೆಗೆ ಬನ್ನಿ ಎಂದು ಹಟ ಹಿಡಿದಳು. ಹದಿನಾಲ್ಕು ಏಪ್ರಿಲ್ ಮುಗಿಯಲಿ, ಎಲ್ಲಿ ಕರೆದರೂ ಬರುತ್ತೇನೆ ಎಂದೆ. ಸಿಟ್ಟಿನಿಂದ ಊಟ ಮಾಡದೆ ಹೋದಳು. ಅವಳ ಸಿಟ್ಟು ನನ್ನದೇ, ಯಾರನ್ನು ದೂರಲಿ?

೧೧ ಮಾರ್ಚ್, ಮಂಗಳವಾರ

ಮುರ್ತುಜಾ ಬಂದಿದ್ದ. ರಂಜಾನಿನ ರೋಜಾ ಹಿಡಿದಿದ್ದಾನೆ. ಡಾಕ್ಟರು ಬೇಡ ಎಂದಿದ್ದಾರಂತೆ, ಅವನು ಡಾಕ್ಟರನ್ನು ಕೇಳುವ ಪೈಕಿಯೇ? ಒಣಗಿದ ತುಟಿಯಲ್ಲಿ ಮೈದಾನದ ಅಂಚಿಗೆ ಕುಳಿತು ನನ್ನ ಸವಾರಿ ನೋಡಿದ. ಕಾಲು ಜಾರುವುದನ್ನು ನೋಡಿ ಚೀಲದಿಂದ ಹಳೆಯ ಟ್ಯೂಬಿನ ಪಟ್ಟಿ ತೆಗೆದ. ಬೂಟಿನ ಸಮೇತ ಪಾದವನ್ನು ಪೆಡಲಿಗೆ ಬಿಗಿದು ಕಟ್ಟಿದ. ಹಿಂದೆ ಪಾದ ಜೋಮು ಹಿಡಿದಾಗ ಹೀಗೆಯೇ ಕಟ್ಟುತ್ತಿದ್ದೆವು.

"ಬಿಗಿ ಆಯ್ತೇನೋ?"

"ಗೊತ್ತಿಲ್ಲ. ಇನ್ನಾ ಬಿಗಿ."

ಬಿಗಿದ. ಆಹಾ! ಬಿಸಿಲು ಏರುವ ತನಕ ಸುತ್ತಿದೆ, ಒಮ್ಮೆಯೂ ಜಾರಲಿಲ್ಲ. ಮುರ್ತುಜಾ ಮುಷ್ಟಿಯನ್ನೇ ಮೈಕು ಮಾಡಿಕೊಂಡು, "ಮೆಹರಬಾನ್, ಕದರದಾನ್, ನೋಡ್ರಿ ಭಾಲ್ಕಿಯ ಶೇರ್!" ಎಂದು ಕೂಗಿದ. ಹಾಲಿನವನು ನಿಂತು ಚಪ್ಪಾಳೆ ಹೊಡೆದ. ಇಷ್ಟು ಸಂತೋಷ ಯಾವಾಗ ಆಗಿತ್ತೋ ನೆನಪಿಲ್ಲ.

೧೭ ಮಾರ್ಚ್, ಸೋಮವಾರ

ದಿನವೂ ತಾಲೀಮು. ಪಟ್ಟಿ ಕೂತಲ್ಲಿ ಸಣ್ಣ ಗಾಯವಾಗಿದೆ, ಹೆಬ್ಬೆರಳ ಬುಡದಲ್ಲಿ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದೇನೆ. ನೋವು ಇಲ್ಲವೇ ಇಲ್ಲ, ಹಾಗಾದರೆ ದೊಡ್ಡದೇನಲ್ಲ. ಕೇಶರಬಾಯಿಗೆ ತೋರಿಸಿದರೆ ಮಗಳಿಗೆ ಫೋನು ಹೋಗುತ್ತದೆ. ಕಾಲುಚೀಲ ಹಾಕಿಯೇ ಇರುತ್ತೇನೆ.

ಮನೆಯಲ್ಲಿ ಇಲಿ ಸತ್ತಿದೆ. ನಿನ್ನೆಯಿಂದ ವಾಸನೆ. ಟ್ರಂಕು ಸರಿಸಿ ನೋಡಿದೆವು, ಜೋಳದ ಚೀಲಗಳನ್ನು ಹೊರಗೆ ಹಾಕಿದೆವು. ಸಿಗಲಿಲ್ಲ.

೧೯ ಮಾರ್ಚ್, ಬುಧವಾರ

ಇಲಿ ಇನ್ನೂ ಸಿಕ್ಕಿಲ್ಲ. ನಾನು ಕೂತ ಕಡೆಯೇ ಜಾಸ್ತಿ ಬರುತ್ತದೆ ಎಂದು ಕೇಶರಬಾಯಿ ಕುರ್ಚಿಯನ್ನೂ ಮಗುಚಿ ನೋಡಿದಳು. ಊದುಬತ್ತಿ ಹಚ್ಚಿ ಹಚ್ಚಿ ಮನೆಯೆಲ್ಲ ಹೊಗೆ. ನೊಣಗಳು ಬೇರೆ.

೨೩ ಮಾರ್ಚ್, ಭಾನುವಾರ

ಜ್ವರ. ಬಿಸಿಲು ಬಡಿದಿದೆ. ತಾಲೀಮು ಇಲ್ಲ. ಮಜ್ಜಿಗೆ ಕುಡಿದು ಮಲಗಿದೆ.

೨೫ ಮಾರ್ಚ್, ಮಂಗಳವಾರ

ಜ್ವರದಲ್ಲೇ ಮೈದಾನಕ್ಕೆ ಹೋದೆ. ಖಟಕ ಚಿಂಚೋಳಿಯಲ್ಲಿ ನೂರಾಮೂರು ಜ್ವರದಲ್ಲಿ ಸುತ್ತಿದವನು ನಾನು. ಪಟ್ಟಿ ಕಟ್ಟಲು ಬಗ್ಗಿದ ಮುರ್ತುಜಾ ತಟ್ಟನೆ ಮೂಗು ಮುಚ್ಚಿಕೊಂಡ. ನಾನು ಬೇಡ ಬೇಡ ಎಂದರೂ ಬೂಟು ಬಿಚ್ಚಿದ, ಕಾಲುಚೀಲ ಎಳೆದ. ಚೀಲದ ಜೊತೆ ಏನೋ ಕಿತ್ತುಬಂತು. ನಾನು ನೋಡಲಿಲ್ಲ. ಅವನು ನೋಡಿದ, ಮಣ್ಣಿನಲ್ಲಿ ಹಾಗೇ ಕುಳಿತುಬಿಟ್ಟ.

"ನರಸಿಂಗ, ಇದು ಕಪ್ಪಾಗ್ಯದ. ನಡಿ ದವಾಖಾನಿಗಿ."

"ಹದಿನಾಲ್ಕು ಆಗ್ಲಿ."

"ಅರೇ, ನಾ ಕಟ್ಟಿದ ಪಟ್ಟಿಯಿಂದ ಆಗ್ಯದ ಇದು! ನಾ ಭಾಬಿಗಿ ಹೇಳ್ತೇನಿ."

ಹೇಳಿದರೆ ನಮ್ಮಿಬ್ಬರ ಸಂಬಂಧ ಇಲ್ಲಿಗೆ ಮುಗಿಯಿತು ಎಂದೆ. ಇನ್ನೂ ಏನೇನೋ ಅಂದೆ, ಹೇಡಿ ಎಂದೂ ಅಂದೆ. ಅವನು ನನ್ನ ಪಾದಕ್ಕೆ ತನ್ನ ಕರವಸ್ತ್ರ ಸುತ್ತಿದ. ಕಣ್ಣೀರು ಸುರಿಯುತ್ತಿತ್ತು. ಉಪವಾಸಕ್ಕೆ ಸೋತಿದ್ದಾನೆ, ಪಾಪ. ಪಟ್ಟಿ ಮಾತ್ರ ಕಟ್ಟಲಿಲ್ಲ. ನಾನೇ ಕಟ್ಟಿಕೊಂಡು ನಾಲ್ಕು ಸುತ್ತು ಹೊಡೆದೆ, ತಲೆ ತಿರುಗಿತು.

೨೮ ಮಾರ್ಚ್, ಶುಕ್ರವಾರ, ಬೀದರ

ಆಸ್ಪತ್ರೆಯಲ್ಲಿ ಬರೆಯುತ್ತಿದ್ದೇನೆ. ಮುರ್ತುಜಾ ಹೇಳಲಿಲ್ಲ. ಇರುವೆಗಳು ಹೇಳಿದವು.

ನಿನ್ನೆ ಮಧ್ಯಾಹ್ನ ಮಲಗಿದ್ದೆ. ಕೇಶರಬಾಯಿಗೆ ಗೋಡೆಯಿಂದ ಇಳಿದು ನನ್ನ ಹಾಸಿಗೆಗೆ ಹತ್ತಿದ ಇರುವೆ ಸಾಲು ಕಂಡಿದೆ. ಹೊದಿಕೆ ಎತ್ತಿದ್ದಾಳೆ. ಅವಳು ಕೂಗಿದ್ದಕ್ಕೆ ಎಚ್ಚರವಾಯಿತು. ಇರುವೆ ಕಚ್ಚಿದ್ದಕ್ಕೆ ಆಗಲಿಲ್ಲ. ಆಕೆ ಕೈಯಿಂದ ಇರುವೆ ಜಾಡಿಸುತ್ತ, "ಇಲಿ ಅಲ್ಲರಿ... ಇಲಿ ಅಲ್ಲರಿ" ಎಂದು ಅದೊಂದನ್ನೇ ಹೇಳುತ್ತಿದ್ದಳು. ನಾಲ್ಕು ಮಂದಿ ಕೂಡಿ ಜೀಪಿಗೆ ಹಾಕಿದರು.

ಡಾಕ್ಟರಬಾಯಿ ಚಿಕ್ಕ ವಯಸ್ಸಿನವಳು. ಪಾದದ ಮುಂಭಾಗ ಕೊಳೆತಿದೆ, ಅಷ್ಟನ್ನು ಈಗಲೇ ತೆಗೆದರೆ ಹಿಮ್ಮಡಿ ಉಳಿಯಬಹುದು, ಬೂಟು ಹಾಕಿ ನಡೆಯಬಹುದು ಎಂದಳು. ತಡ ಮಾಡಿದರೆ ವಿಷ ಮೇಲಕ್ಕೆ ಏರುತ್ತದೆ, ಕಾಲೂ ಹೋಗಬಹುದು ಜೀವವೂ ಹೋಗಬಹುದು ಎಂದಳು. ಹದಿನಾಲ್ಕರ ತನಕ ಸೂಜಿ ಕೊಟ್ಟು ನಡೆಸಿ, ಹದಿನೈದಕ್ಕೆ ನೀವು ಹೇಳಿದಷ್ಟು ಕತ್ತರಿಸಿ ಎಂದೆ. ಅವಳು ಮಹಾಮಾಯಾಳ ಮುಖ ನೋಡಿದಳು. ಮಹಾಮಾಯಾ ನೆಲ ನೋಡಿದಳು.

ನಾನು ಒಪ್ಪಿಲ್ಲ. ಯಾರ ಕಾಲು ಇದು? ನನ್ನದು.

೩೧ ಮಾರ್ಚ್, ಸೋಮವಾರ

ಇವತ್ತು ಈದ್. ಮುರ್ತುಜಾ ಹೊಸ ಅಂಗಿ ತೊಟ್ಟು ನಮಾಜು ಮುಗಿಸಿ ನೇರ ಇಲ್ಲಿಗೆ ಬಂದ. ಡಬ್ಬಿಯಲ್ಲಿ ಹಬ್ಬದ ಸಿಹಿ, ಶೀರ್ ಖುರ್ಮಾ. ನನಗೆ ಕೊಡುವ ಹಾಗಿಲ್ಲ ಎಂದು ನೆನಪಾಗಿ ಡಬ್ಬಿ ಹಿಡಿದುಕೊಂಡೇ ನಿಂತ. ಕಡೆಗೆ ಪಕ್ಕದ ಹಾಸಿಗೆಯವರಿಗೆ ಹಂಚಿದ.

ಪಾದದ ಕೆಂಪು ಕಣಕಾಲನ್ನು ದಾಟಿದೆ. ಡಾಕ್ಟರಬಾಯಿ ಪೆನ್ನಿನಿಂದ ಗುರುತು ಹಾಕಿ ಹೋಗುತ್ತಾಳೆ, ಬೆಳಗಾದರೆ ಅದರ ಮೇಲೆ ಬಂದಿರುತ್ತದೆ. ಕೇಶರಬಾಯಿ ಮೂರು ದಿನದಿಂದ ನನ್ನ ಜೊತೆ ಜಗಳವಾಡಿಲ್ಲ. ಇದು ನನಗೆ ಸರಿ ಬರುತ್ತಿಲ್ಲ.

೨ ಏಪ್ರಿಲ್, ಬುಧವಾರ

ಈಗ ಮೊಣಕಾಲ ಕೆಳಗೆ ಪೂರ್ತಿ ತೆಗೆಯಬೇಕಂತೆ. ಹಿಮ್ಮಡಿ ಉಳಿಯುವ ಮಾತು ಹೋಯಿತು. ಐದು ದಿನದ ಹಿಂದೆ ಹ್ಞೂಂ ಅಂದಿದ್ದರೆ ಎಂದು ಡಾಕ್ಟರಬಾಯಿ ಶುರುಮಾಡಿ ಅರ್ಧಕ್ಕೇ ಬಿಟ್ಟಳು. ಮಹಾಮಾಯಾ ನನ್ನ ಮುಂದೆ ಕೈ ಮುಗಿದು ನಿಂತಳು. ನನ್ನ ಮಗಳು, ಕೈ ಮುಗಿದು. ಆಗಲೂ ನನ್ನ ಬಾಯಿಂದ ಬಂದದ್ದು, "ಔರಾದಕ್ಕ ಮಾತು ಕೊಟ್ಟೇನಿ" ಎಂದೇ.

ಮುರ್ತುಜಾ ಬಾಗಿಲ ಹತ್ತಿರ ನಿಂತಿದ್ದ. ಒಳಗೆ ಬಂದು ಹಾಸಿಗೆಯ ಕಂಬಿ ಹಿಡಿದ.

"ಮಾತು ನಿಂದೊಬ್ಬಂದೇ ಏನು? ನಾ ಸುತ್ತತೇನಿ. ಹೊತ್ತು ಮುಣಗೋ ತನಕ ಸುತ್ತತೇನಿ. ನೀ ಕಾಲು ಕೊಟ್ಟು ಜೀವ ಉಳಿಸ್ಕೋ."

"ನಿನ್ನ ಎದಿ?"

"ಎದಿ ಜಿಮ್ಮೇದಾರಿ ನಂದು."

ಒಪ್ಪಿದೆ. ಮಾತು ಉಳಿಯಿತು ಎಂದು ಸಮಾಧಾನವಾಯಿತು. ನನ್ನ ಸೀಟಿನ ಮೇಲೆ ಅವನು ಕೂರುತ್ತಾನೆ ಎಂದು ಹೊಟ್ಟೆಕಿಚ್ಚೂ ಆಯಿತು. ಇದನ್ನು ಬರೆಯಲು ನಾಚಿಕೆ ಏಕೆ, ಓದುವವರು ಯಾರಿದ್ದಾರೆ?

೫ ಏಪ್ರಿಲ್, ಶನಿವಾರ

ನಿನ್ನೆ ತೆಗೆದರು. ಹೊದಿಕೆ ಬಲಗಡೆ ಚಪ್ಪಟೆ ಬಿದ್ದಿದೆ. ಆ ಕಡೆ ನೋಡುವುದಿಲ್ಲ.

೯ ಏಪ್ರಿಲ್, ಬುಧವಾರ

ಮುನವ್ವರ ಬೇಗಂ ಒಬ್ಬಳೇ ಬಂದಿದ್ದಳು. ಕೇಶರಬಾಯಿ ಔಷಧಿ ತರಲು ಹೋದ ಹೊತ್ತು ನೋಡಿ ಸ್ಟೂಲು ಹತ್ತಿರ ಎಳೆದು ಕುಳಿತಳು.

"ಭಾಯಿಸಾಬ, ನಿಮ್ಮ ಮಾತು ಬಿಟ್ರ ಅವ್ರು ಯಾರ ಮಾತೂ ಕೇಳಂಗಿಲ್ಲರಿ. ದಿನಾ ಮುಂಜಾನಿ ಸೈಕಲ್ ತಗೊಂಡು ಹೋಗ್ತಾರ. ಬಂದು ಎದಿ ಹಿಡ್ಕೊಂಡು ಕೂಡ್ತಾರ. ಕೇಳಿದ್ರ ಗ್ಯಾಸ್ ಅಂತಾರ. ಬ್ಯಾಡ ಅನ್ರಿ. ಒಂದು ಸಲ ಅನ್ರಿ."

ಹ್ಞೂಂ ಅಂದೆ. ನೋಡೋಣ ಅಂದೆ. ಅವಳು ಹೋದ ಮೇಲೆ ಫೋನು ಕೈಯಲ್ಲಿ ಹಿಡಿದು ಕುಳಿತೆ. ಮಾಡಲಿಲ್ಲ. ನಾನು ಕಾಲೇ ಕೊಟ್ಟಿದ್ದೇನೆ, ಅವನು ಒಂದು ದಿನ ಕೊಡಲಾರನೇ? ಗ್ಯಾಸೂ ಇರಬಹುದು.

೧೪ ಏಪ್ರಿಲ್, ಸೋಮವಾರ

ವಾರ್ಡಿನ ದೀಪ ಆರಿಸಿದ್ದಾರೆ. ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಔರಾದದ ಮೈದಾನದಲ್ಲಿ ಕುಣಾಲ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಕಂಬದ ಎದುರಿಗೆ ಕುರ್ಚಿಯ ಮೇಲೆ ಇಟ್ಟ. ಮಹಾಮಾಯಾ ತನ್ನ ಫೋನನ್ನು ನನ್ನ ದಿಂಬಿಗೆ ಆನಿಸಿದಳು. ಮೈದಾನ ಕಂಡಿತು, ನೀಲಿ ಬಾವುಟಗಳು ಕಂಡವು. ಮುರ್ತುಜಾ ಬಿಳಿ ಅಂಗಿ, ತಲೆಗೆ ನೀಲಿ ಪಟಗಾ, ಕೊರಳಿಗೆ ಸಣ್ಣ ಮೈಕು. ಮೊದಲು ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿದ. ಆಮೇಲೆ, "ಇವತ್ತಿನ ಸವಾರಿ ನಂದಲ್ಲ. ಭಾಲ್ಕಿಯ ನರಸಿಂಗಂದು. ನಾ ಅವನ ಕಾಲು ಅಷ್ಟೇ" ಎಂದು ಸೀಟಿಗೆ ಏರಿದ. ವಾರ್ಡಿನಲ್ಲಿ ಎಲ್ಲರೂ ನನ್ನ ಹಾಸಿಗೆ ಸುತ್ತ ನೆರೆದರು. ನರ್ಸು ಕೂಡ ನಿಂತಳು. ಎಷ್ಟು ಚೆನ್ನಾಗಿ ಸುತ್ತಿದ, ಬಡ್ಡಿಮಗ! ಹ್ಯಾಂಡಲ್ ಬಿಟ್ಟು ಎರಡೂ ಕೈ ಮೇಲೆತ್ತಿ ಸಲಾಮು ಹೊಡೆದ. ಚಹಾ ಕುಡಿದ. ಸೀಟಿನ ಮೇಲೆ ಕುಳಿತೇ ಅಂಗಿ ಬದಲಿಸಿದ. ಎರಡು ಸಲ ತೋಳು ಸಿಗಲಿಲ್ಲ, ಮಂದಿ ನಕ್ಕರು, ಅವನೂ ನಕ್ಕ.

ಬಿಸಿಲು ಏರಿತು. ನಾನು ಕಿವಿಯನ್ನು ಫೋನಿಗೆ ಹಚ್ಚಿದೆ. ಮೈಕಿನಲ್ಲಿ ಮಾತಾಡುತ್ತ ಸುತ್ತುವಾಗ ಗಟ್ಟಿ ಸವಾರನ ಉಸಿರು ಕೇಳಿಸುವುದಿಲ್ಲ. ಅವನದು ಕೇಳಿಸಿತು. ಎರಡು ಮಾತಿಗೊಮ್ಮೆ, ಆಮೇಲೆ ಪ್ರತಿ ಮಾತಿಗೂ. ಎಡಗೈ ಹ್ಯಾಂಡಲ್ ಬಿಟ್ಟು ತೊಡೆಯ ಮೇಲೆ ಬಿದ್ದಿತ್ತು, ಅದನ್ನು ಎತ್ತಲಿಲ್ಲ. ಮುಖ ಒರೆಸಿಕೊಂಡ, ಮತ್ತೆ ನೀರಿಳಿಯಿತು. ಬಿಸಿಲಿನ ಬೆವರು ಬೇರೆ, ಇದು ಬೇರೆ.

ನನಗೆ ತಿಳಿಯಿತು. ತಿಳಿದ ಮೇಲೂ ಸುಮ್ಮನಿದ್ದೆ. ನಾನು ಇಳಿ ಎಂದರೆ ಇಬ್ಬರೂ ಸೋತಂತೆ, ಅದೂ ಉಸ್ತಾದರ ಊರಿನಲ್ಲಿ. ಇನ್ನೊಂದು ಸುತ್ತು ನೋಡೋಣ ಎಂದುಕೊಂಡೆ. ಇನ್ನೊಂದು ಎಂದುಕೊಂಡೆ. ಹೀಗೆ ಎಷ್ಟು ಸುತ್ತು ಕಾದೆನೋ.

ಆಮೇಲೆ ಕುಣಾಲನ ಇನ್ನೊಂದು ನಂಬರಿಗೆ ಹಚ್ಚಿಸಿ, "ಫೋನು ಮೈಕಿಗಿ ಹಿಡಿ" ಎಂದೆ.

"ಮುರ್ತುಜಾ, ನಾ ನರಸಿಂಗ. ಇಳಿ."

ಮುರ್ತುಜಾ ಕತ್ತೆತ್ತಿ ಸ್ಪೀಕರಿನ ಕಡೆ ನೋಡಿದ, ಸೈಕಲ್ ನಿಲ್ಲಿಸಲಿಲ್ಲ.

"ಇನ್ನಾ... ಹೊತ್ತದ ಯಾರ್. ಸೂರ್ಯ... ನೆತ್ತಿ ಮ್ಯಾಲ ಹಾನ."

"ನಿನ್ನ ಜೊತಿಗಾರ ಹೇಳ್ಲತ್ತೇನಿ. ಆಟ ಮುಗೀತು. ಇಳಿ."

"ನಕ್ಕೊ ನರಸಿಂಗ, ಬ್ಯಾಡ. ಮಾತು... ಹೋಗ್ತದ."

"ಹೋಗ್ಲಿ! ಮಾತು ಹಾಳಾಗಿ ಹೋಗ್ಲಿ!"

ಅವನು ತಲೆ ಅಲ್ಲಾಡಿಸುತ್ತ ಸುತ್ತುತ್ತಲೇ ಇದ್ದ. ಸೈಕಲ್ ಸೊಟ್ಟ ಹೋಗತೊಡಗಿತು. ನನಗೆ ಬೈಗುಳ ಬರಲಿಲ್ಲ, ಕಾಯಿದೆ ಬರಲಿಲ್ಲ. ಬಂದದ್ದು ಇದು, ಲೌಡ್‌ಸ್ಪೀಕರಿನಲ್ಲಿ ಔರಾದಕ್ಕೆಲ್ಲ ಕೇಳಿಸಿತು:

"ಮುರ್ತುಜಾ, ನಂಗ ಅಂಜಿಕಿ ಬರ್ಲತ್ತದೋ. ನೀ ಸತ್ರ ನಾ ಯಾರ ಕೂಡ ಇರ್ಲಿ? ಇಳಿಯೋ ಮಾರಾಯಾ."

ಅವನು ಬ್ರೇಕು ಹಿಡಿದ. ಕಾಲು ನೆಲಕ್ಕಿಟ್ಟ. ಯಾರೋ ಸಿಳ್ಳೆ ಹೊಡೆದರು, ಯಾರೋ "ಹೋ" ಎಂದು ಕೂಗಿ ನಕ್ಕರು. ಅವನು ಸೈಕಲ್ ಹಿಡಿದುಕೊಂಡೇ ನಿಂತಿದ್ದ, ಆಮೇಲೆ ಮೆಲ್ಲಗೆ ಕೆಳಗೆ ಕುಸಿದ. ಕುಣಾಲನ ಬೂಟುಗಳು ಓಡಿದ್ದು ಕಂಡಿತು. ವಿಡಿಯೋ ನಿಂತಿತು.

೧೫ ಏಪ್ರಿಲ್, ಮಂಗಳವಾರ

ಇದ್ದಾನೆ. ಔರಾದದ ದವಾಖಾನೆಯಿಂದ ಬೀದರಿಗೆ ತಂದರು, ಬೇರೆ ಆಸ್ಪತ್ರೆ. ಹಾರ್ಟ್ ಅಟ್ಯಾಕ್. ಇನ್ನೊಂದು ಸ್ಪ್ರಿಂಗ್ ಹಾಕಿದರಂತೆ. ಮಹಾಮಾಯಾ ನೋಡಿ ಬಂದಳು. ನನಗೆ ಏನಾದರೂ ಹೇಳಿದನೇ ಎಂದು ಕೇಳಿದೆ. ಅವಳು ಇಲ್ಲ ಎಂದಳು. ಮತ್ತೆ ಕೇಳಿದ್ದಕ್ಕೆ, "ನಿಮ್ಮ ಹೆಸರು ತಗೊಂಡ್ರ ಗ್ವಾಡಿ ಕಡಿ ಮಾರಿ ಮಾಡ್ತಾರಪ್ಪಾ" ಎಂದಳು.

೧೯ ಏಪ್ರಿಲ್, ಶನಿವಾರ

ಆಸ್ಪತ್ರೆಯಿಂದ ಬಿಟ್ಟರು. ಬೀದರಿನಲ್ಲಿ ಮಹಾಮಾಯಾಳ ಮನೆಯಲ್ಲಿದ್ದೇನೆ.

ಇಲ್ಲದ ಪಾದ ನೋಯುತ್ತಿದೆ. ಅದೇ ಹೆಬ್ಬೆರಳು, ಯಾರೋ ಇಕ್ಕಳದಿಂದ ಹಿಡಿದು ತಿರುವಿದ ಹಾಗೆ. ಇದ್ದಾಗ ಇರುವೆ ತಿಂದರೂ ಮಾತಾಡದ ಕಾಲು, ಹೋದ ಮೇಲೆ ಹಗಲೆಲ್ಲ ಕೂಗುತ್ತದೆ. ಹಾಗೆ 'ಅನ್ನಿಸುತ್ತದೆ' ಅಷ್ಟೇ ಎಂದಳು ಡಾಕ್ಟರಬಾಯಿ ಫೋನಿನಲ್ಲಿ. ಅನ್ನಿಸುತ್ತದಂತೆ! ಬಂದು ಒಂದು ಗಳಿಗೆ ಇಟ್ಟುಕೊಳ್ಳಲಿ.

ಗುಳಿಗೆ ನುಂಗುತ್ತಿದ್ದೇನೆ, ಹೇಳಿದ ಹೊತ್ತಿಗೆ. ಈಗ ಯಾರೂ ಹೊಗಳುವುದಿಲ್ಲ.

ಮುರ್ತುಜಾನಿಗೆ ಫೋನು ಮಾಡಿದೆ. ಮುನವ್ವರ ಬೇಗಂ ಎತ್ತಿದಳು. "ಮಲಗ್ಯಾರ್ರಿ" ಎಂದಳು. ಹಿಂದೆ ಅವನ ಕೆಮ್ಮು ಕೇಳಿಸಿತು.

೨೪ ಏಪ್ರಿಲ್, ಗುರುವಾರ

ಇವತ್ತು ಬಂದ. ಮುನವ್ವರ ಬೇಗಂ ತೋಳು ಹಿಡಿದು ಕರೆತಂದಳು, ಇನ್ನೊಂದು ಕೈಯಲ್ಲಿ ಕೋಲು. ಅರ್ಧ ಆಗಿದ್ದಾನೆ, ಅಂಗಿ ಮೊಳೆಗೆ ಹಾಕಿದ ಹಾಗೆ ತೂಗುತ್ತಿತ್ತು. ನನ್ನ ಮುಖ ನೋಡಲಿಲ್ಲ. ಕೇಶರಬಾಯಿಯ ಕೂಡ ಮಾತಾಡಿದ, ಮಹಾಮಾಯಾಳ ಸಾಲಿ ಕೇಳಿದ, ಬಿಸಿಲಿನ ಮಾತಾಡಿದ. ನಾನು ಕೇಳಿದ್ದಕ್ಕೆ ಉತ್ತರವನ್ನು ಗೋಡೆಗೆ ಹೇಳಿದ. ಔರಾದದ ಚಹಾದಂಗಡಿಗಳಲ್ಲಿ ನಮ್ಮ ಹೆಸರಿಗೆ ನಗುತ್ತಿದ್ದಾರೆ ಎಂದೂ ಗೋಡೆಗೇ ಹೇಳಿದ. ನಗಲಿ ಎಂದೆ.

ಹೊರಡಲು ಎದ್ದರು. ಆಗ ನೋವು ಬಂತು. ಹಲ್ಲು ಕಚ್ಚಿದೆ. ಕೇಶರಬಾಯಿ ಓಡಿ ಬಂದು ಉಳಿದ ಬಲ ಮೊಣಕಾಲು ಒತ್ತಿದಳು, ಅದರಿಂದ ಏನೂ ಆಗುವುದಿಲ್ಲ. ಅದು ಅಲ್ಲಿಯ ನೋವೇ ಅಲ್ಲ. ಬಾಗಿಲ ತನಕ ಹೋಗಿದ್ದ ಮುರ್ತುಜಾ ತಿರುಗಿ ನಿಂತ.

"ಎಲ್ಲಿ?" ಎಂದ. ನನಗೇ.

"ಹೆಬ್ಬೆರಳು."

"ಯಾವ ಕಾಲಿಂದು?"

"ಇಲ್ಲದ್ದು."

ಕೋಲನ್ನು ಗೋಡೆಗೆ ಒರಗಿಸಿ ಬಂದು ಹಾಸಿಗೆಯ ಕೊನೆಗೆ ಕುಳಿತ. ನನ್ನ ಎಡಗಾಲಿನ ಉದ್ದ ನೋಡಿದ, ಪಕ್ಕದ ಖಾಲಿ ಚಾದರ ನೋಡಿದ. ಅಂಗಿಯ ತೋಳು ಮಡಚಿದ. ಗ್ರೀಸಿನ ಕಪ್ಪು ಇನ್ನೂ ಉಗುರಲ್ಲಿರುವ ಎರಡೂ ಕೈಗಳನ್ನು ಆ ಖಾಲಿ ಚಾದರದ ಮೇಲೆ ಇಟ್ಟು ಒತ್ತಿ ತಿಕ್ಕತೊಡಗಿದ. ಕೇಶರಬಾಯಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅವನ ಉಸಿರು ಏರುತ್ತಿತ್ತು, ಬಿಡಲಿಲ್ಲ.

"ಇಲ್ಲೇನು?"

"ಜರಾ ಕೆಳಗ" ಎಂದೆ.

ಅವನು ಕೈಗಳನ್ನು ಜರಾ ಕೆಳಗೆ ಸರಿಸಿದ.